ಯಾರವೂ ಅಲ್ಲದ ಕಲ್ಲುಗಳು

ಮೊದಲ ಕಲ್ಲು ಟ್ರ್ಯಾಕ್ಟರಿನ ಟ್ರೇಲರಿಗೆ ಬಿದ್ದಾಗ ಹಾಲೇಶಪ್ಪ ಭಾಷಣ ಮಾಡುತ್ತಿದ್ದ. ಕೊಟ್ಟೂರಿನ ಹಳೇ ಸಂತೆಪೇಟೆ ಅಂದರೆ ಏನು, ಅದರ ಹೆಸರು ಎಲ್ಲೆಲ್ಲಿಗೆ ಮುಟ್ಟಿತ್ತು, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯಿಂದ ಜನ ಹಿಂದಿನ ದಿನವೇ ಗಾಡಿ ಕಟ್ಟಿಕೊಂಡು ಹೇಗೆ ಬಂದು ಇಳಿಯುತ್ತಿದ್ದರು ಎಂದೆಲ್ಲ ಹೇಳಿ, ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತಿದ್ದ. ಅಷ್ಟರಲ್ಲಿ ಹಿಂದುಗಡೆ ದಡ್ ಎಂದಿತು. ತಿರುಗಿ ನೋಡಿದ. ಶ್ರಮದಾನಕ್ಕೆ ಬಂದಿದ್ದ ಬಿಳಿ ಟೋಪಿಯ ಕಾಲೇಜು ಹುಡುಗರಿಬ್ಬರು ಕೈ ಝಾಡಿಸಿಕೊಂಡು ಮುಂದಿನ ಕಲ್ಲಿಗೆ ಬಗ್ಗುತ್ತಿದ್ದರು.

ಬಿದ್ದದ್ದು ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಸಂತೆಗೆ ಬರುತ್ತಿದ್ದ ಉಚ್ಚಂಗೆಮ್ಮನ ಕಲ್ಲು. ಬೇವಿನಮರದ ಬುಡದಲ್ಲಿ ಇರುವಂಥದು, ಚಪ್ಪಟೆ, ಒಂದು ಮೂಲೆ ಮುಕ್ಕಾಗಿದೆ. ಅದರ ಹಿಂದೆಯೇ ಹಂಪಸಾಗರದ ಬದನೆಕಾಯಿಯವರದು ಬಿತ್ತು. ಆಮೇಲೆ ಹಿರೇಹಡಗಲಿಯ ಮೆಣಸಿನಕಾಯಿ ಸೋಮಪ್ಪನದು. ಹಾಲೇಶಪ್ಪನಿಗೆ ಒಂದೊಂದರ ಗುರುತೂ ಇತ್ತು. ಇರದೆ ಏನು! ಮೀಸೆ ಮೂಡುವ ಮುಂಚೆಯೇ ಅಪ್ಪನ ಅಂಗಡಿಗೆ ಬಂದು ಕೂತವನು; ನಲವತ್ತೈದು ವರ್ಷ ಅವುಗಳ ಎದುರಿಗೇ ಕೂತು ಹಗ್ಗ, ಕಣ್ಣಿ, ಬಾರುಕೋಲು ಮಾರಿದವನು.

"ಮುಂದುವರಿಸಿ, ಮುಂದುವರಿಸಿ," ಎಂದರು ಪಕ್ಕದ ಕುರ್ಚಿಯಲ್ಲಿದ್ದ ಸಾಹೇಬರು. ಹಳೆಯ ಪೇಟೆಗಳನ್ನು ಊರವರ ಕೈಯಿಂದಲೇ ಮತ್ತೆ ಎಬ್ಬಿಸಬೇಕೆಂಬ ಯೋಜನೆಯ ಮೇಲಧಿಕಾರಿ ಅವರು. ಬಳ್ಳಾರಿಯಿಂದ ಜೀಪಿನಲ್ಲಿ ಬೆಳಿಗ್ಗೆಯೇ ಬಂದಿದ್ದರು. ಹಾಲೇಶಪ್ಪ ಆ ಕೆಲಸಕ್ಕೆಂದು ಹುಟ್ಟಿದ ಸಮಿತಿಯ ಅಧ್ಯಕ್ಷ. ಕೊರಳಲ್ಲಿ ಹಾರ ಇತ್ತು, ಎದುರಿಗೆ ಮೈಕಿತ್ತು, ಫೋಟೋದವನು ಒಂದು ಕಣ್ಣು ಮುಚ್ಚಿ ನಿಂತಿದ್ದ. ಇಂಥ ಹೊತ್ತಿನಲ್ಲಿ 'ಏ, ಆ ಕಲ್ಲು ಬಿಡ್ರೋ' ಎಂದು ಒದರುವುದು ಹೇಗೆ? ಭಾಷಣ ಮುಗಿದ ಕೂಡಲೇ ಹೇಳಿದರಾಯಿತು ಎಂದುಕೊಂಡು ಅವನು ಮತ್ತೆ ವೈಭವಕ್ಕೆ ಇಳಿದ. ಹಿಂದೆ ಕಲ್ಲು ಬೀಳುತ್ತಲೇ ಇದ್ದವು.

ಈ ಕಲ್ಲುಗಳ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಳೇ ಸಂತೆಪೇಟೆಯಲ್ಲಿ ಕೂರುವ ಜಾಗಕ್ಕೆ ಚೀಟಿ ಇಲ್ಲ, ನಂಬರಿಲ್ಲ, ಕೇಳುವವರಿಲ್ಲ. ಕಲ್ಲೇ ಎಲ್ಲ. ಯಾವ ಕಾಲದಲ್ಲೋ ಒಬ್ಬ ಅಜ್ಜಿ ಒಂದು ಕಲ್ಲು ಹೊತ್ತು ತಂದು, ಕಾಯಿ ಒಡೆದು, ನೆಲಕ್ಕಿಟ್ಟು ಅದರ ಮೇಲೆ ಕೂತು ಮಾರಿದ್ದಾಳೆ. ಸಂತೆ ಮುಗಿದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ವಾರವಿಡೀ ಅದು ಅಲ್ಲೇ ಇರುತ್ತದೆ. ದನ ಬಂದು ಮೂಸಬಹುದು, ಮಕ್ಕಳು ಹತ್ತಿ ಕುಣಿಯಬಹುದು, ಎತ್ತಿ ಪಕ್ಕಕ್ಕಿಡುವ ಗಂಡು ಮಾತ್ರ ಈ ಸೀಮೆಯಲ್ಲಿ ಹುಟ್ಟಿರಲಿಲ್ಲ. ಸೊಸೆ ಬಂದರೆ ಮದುವೆಯಾದ ಮೊದಲ ಗುರುವಾರ, ಸಂತೆಯ ದಿನ, ಅವಳನ್ನು ಕರೆತಂದು ಕಲ್ಲಿನ ಮೇಲೆ ಕೂರಿಸುತ್ತಾರೆ. ಅಲ್ಲಿಗೆ ಜಾಗ ಅವಳದಾಯಿತು. ಯುಗಾದಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಕಲ್ಲೆತ್ತಿದರು ಅಂದರೆ ಆ ಮನೆಯವರಿಗೂ ಪೇಟೆಗೂ ಋಣ ಹರಿಯಿತು ಅಂತಲೇ ಲೆಕ್ಕ.

ತೊಂಬತ್ತೆರಡರಲ್ಲಿ ಪೇಟೆಯ ಉದ್ದಕ್ಕೂ ನೀರಿನ ಪೈಪಿಗೆಂದು ನೆಲ ಅಗೆದರು. ಎರಡು ತಿಂಗಳ ಮಟ್ಟಿಗೆ ಎಂದು ಸಂತೆ ಬಸ್‌ಸ್ಟ್ಯಾಂಡ್ ರಸ್ತೆಗೆ ಹೋಯಿತು. ಹೋದದ್ದು ಬರಲಿಲ್ಲ. ಅಲ್ಲಿ ಬಸ್ಸಿಳಿದವರು ಹಾಗೆಯೇ ಕೊಂಡು ಹೋಗುತ್ತಿದ್ದರು, ಲಾರಿ ಬಂದು ನಿಲ್ಲುತ್ತಿತ್ತು. ಹಳೇ ಪೇಟೆಯ ಅಂಗಡಿಗಳು ಒಂದೊಂದೇ ಬಾಗಿಲು ಹಾಕಿದವು. ಹಾಲೇಶಪ್ಪನಂಥ ಆರೇಳು ಜನ ಮಾತ್ರ ಬೆಳಿಗ್ಗೆ ಕದ ತೆಗೆದು, ನೊಣ ಹೊಡೆದು, ಸಂಜೆ ಕದ ಹಾಕುತ್ತಿದ್ದರು. ಆದರೆ ಒಂದು ಮಾತು. ಹತ್ತು ವರ್ಷವಾದರೂ ರಸ್ತೆಗೆ ಹೋದ ಒಬ್ಬರೂ ತಮ್ಮ ಕಲ್ಲನ್ನು ಒಯ್ದಿರಲಿಲ್ಲ. ಅಲ್ಲಿ ಗೋಣಿಚೀಲ ಹಾಸಿ, ಗಾಳಿಗೆ ಹಾರದ ಹಾಗೆ ಮೂಲೆಗೆ ಒಡಕು ಹೆಂಚು ಇಟ್ಟುಕೊಂಡು ಕೂರುತ್ತಿದ್ದರು. ಯಾಕೆಂದು ಕೇಳಿದರೆ, "ಕಲ್ಲು ಅಲ್ಲೈತಲ್ರಿ" ಎನ್ನುತ್ತಿದ್ದರು. ಆ ಅರವತ್ತು ಚಿಲ್ಲರೆ ಕಲ್ಲುಗಳನ್ನು ದಿನಾ ನೋಡಿಯೇ ಹಾಲೇಶಪ್ಪ ಸಂತೆ ವಾಪಸು ಬಂದೇ ಬರುತ್ತದೆಂದು ನಂಬಿದ್ದ. ಸಮಿತಿ ಕಟ್ಟಿದ್ದು, ಅರ್ಜಿ ಬರೆಸಿದ್ದು, ಬಳ್ಳಾರಿಗೆ ಹದಿನಾಲ್ಕು ಸಲ ಅಲೆದದ್ದು ಎಲ್ಲ ಅದೇ ನಂಬಿಕೆಯ ಮೇಲೆ.

ಭಾಷಣ ಮುಗಿಯಿತು. ಚಪ್ಪಾಳೆಯಾಯಿತು. ಅವನು ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಅವನ ಅಂಗಡಿಯ ಮುಂದಿನಿಂದಲೇ ಒಬ್ಬ ಹುಡುಗ ಕೂಗಿದ: "ಸಾರ್, ಈ ಕಲ್ಲಿಗೆ ಅರಿಷಿಣ-ಕುಂಕುಮ ಹಚ್ಯಾರ್ರಿ. ಎತ್ತಬೌದೇನ್ರಿ?"

ಅದು ಕೆಂಚಕ್ಕನ ಕಲ್ಲು. ರಸ್ತೆಗೆ ಹೋಗದೆ ಇಲ್ಲೇ ಉಳಿದ ಹತ್ತು ಜನರಲ್ಲಿ ಅವಳೊಬ್ಬಳು. ಹುಣಸೆಹಣ್ಣು, ಬೆಳ್ಳುಳ್ಳಿ ಮಾರುವವಳು. ಮೂವತ್ತು ವರ್ಷದಿಂದ ಅವಳ ತಕ್ಕಡಿ, ಚೀಲ, ಕೊಡೆ ವಾರವಿಡೀ ಹಾಲೇಶಪ್ಪನ ಅಂಗಡಿಯ ಮೊಳೆಗೇ ತೂಗುತ್ತಿದ್ದವು.

ಸಾಹೇಬರ ಮುಖದ ನಗು ಕಡಿಮೆಯಾಯಿತು. "ಏನಿದು ಹಾಲೇಶಪ್ಪನವರೇ? ಈ ಕಲ್ಲುಗಳೆಲ್ಲ ಯಾರದ್ದಾದರೂ ಇವೆಯಾ? ಜಾಗದ ಮೇಲೆ ಯಾರದ್ದೂ ಹಕ್ಕಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ. ತಕರಾರಿದ್ದರೆ ಈಗಲೇ ಹೇಳಿಬಿಡಿ, ಈ ಊರಿಗೆ ಬಂದ ದುಡ್ಡನ್ನು ಇನ್ನೊಂದು ಊರಿಗೆ ಕೊಡೋದು ನನಗೆ ಕಷ್ಟವೇನಲ್ಲ."

ಕಾರ್ಯದರ್ಶಿ ಅರುಣಕುಮಾರ್, ಜೆರಾಕ್ಸ್ ಅಂಗಡಿಯ ಚುರುಕು ಹುಡುಗ, ಹಾಲೇಶಪ್ಪನ ಮುಖವನ್ನೇ ನೋಡಿದ. ಹಾಲೇಶಪ್ಪ ಕಲ್ಲು ನೋಡಿದ. ಅಂಗೈ ಅಗಲದ ಅರಿಶಿನದ ಗುರುತು ಬಿಸಿಲಿಗೆ ಹೊಳೆಯುತ್ತಿತ್ತು. ಹತ್ತು ವರ್ಷ ಕಾದದ್ದು ಒಂದು ಮಾತಿಗೆ ಮುರಿದು ಬೀಳುತ್ತದಲ್ಲ ಎಂದುಕೊಂಡ. ಕಲ್ಲು ಹೋದರೇನು, ಜಾಗ ಎಲ್ಲಿಗೆ ಹೋಗುತ್ತದೆ, ಜನಕ್ಕೆ ಆಮೇಲೆ ತಿಳಿಸಿ ಹೇಳಬಹುದು ಎಂದೂ ಅನ್ನಿಸಿತು.

"ಯಾರವೂ ಅಲ್ಲ ಸಾರ್," ಅಂದ. "ಸುಮ್ನ ಬಿದ್ದಾವು."

"ನೋಡಿ, ಅಧ್ಯಕ್ಷರು ಅಂದರೆ ಹೀಗಿರಬೇಕು," ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಹುಡುಗರು ಕೆಂಚಕ್ಕನ ಕಲ್ಲನ್ನು ಇಬ್ಬರು ಹಿಡಿದು ಎತ್ತಿದರು. ಅದು ಇದ್ದಲ್ಲಿ ನೆಲ ತಣ್ಣಗೆ, ಕಪ್ಪಗೆ ಕಂಡಿತು. ನಾಲ್ಕು ಇರುವೆ ದಿಕ್ಕು ತಪ್ಪಿ ಓಡಾಡಿದವು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ನಾಗಲಿಂಗಮ್ಮ ರೊಟ್ಟಿ ಹಾಕುತ್ತ ಕೇಳಿದಳು: "ಕಲ್ಲೆಲ್ಲಾ ಎತ್ತಿಸಿದ್ರಂತಲ್ರಿ. ಕೆಂಚಕ್ಕಂದೂ?"

"ಎಲ್ಲಾನೂ ಎತ್ಯಾರ. ಹೊಸಾ ನೆಲ ಹಾಸ್ತಾರ. ಒಂದ್ ಬಿಟ್ಟು ಒಂದ್ ಎತ್ತಾಕ ಬರ್ತೈತೇನ?"

"ಆಕೀ ಅತ್ತಿ ಇಟ್ಟ ಕಲ್ಲದು. ಒಂದ್ ಮಾತು ಕೇಳಬೇಕಿತ್ತು."

"ಸುಮ್ನ ಕುಂದ್ರು ನೀ. ಊರು ಉದ್ಧಾರ ಆಗೋ ಹೊತ್ತಿನ್ಯಾಗ ಕಲ್ಲಂತ ಕಲ್ಲು!" ಅಂದವನು ಅರ್ಧ ರೊಟ್ಟಿಗೇ ಕೈ ತೊಳೆದ. ನಾಗಲಿಂಗಮ್ಮ ಉಳಿದ ರೊಟ್ಟಿ ಮುಚ್ಚಿಟ್ಟಳು. ಮೂವತ್ತೈದು ವರ್ಷ ಬಾಳಿದವಳಿಗೆ ಗಂಡ ಯಾವಾಗ ದನಿ ಏರಿಸುತ್ತಾನೆಂದು ಚೆನ್ನಾಗಿ ಗೊತ್ತಿತ್ತು.

ಗುರುವಾರ ಬಂತು. ನೆಲಕ್ಕೆ ಜಲ್ಲಿ ಬಿದ್ದು ಪೇಟೆಯೆಲ್ಲ ಬೋಳಾಗಿತ್ತು. ಕೆಂಚಕ್ಕ ತಲೆಯ ಮೇಲೆ ಪುಟ್ಟಿ ಹೊತ್ತು ಬಂದವಳು ಹಾಲೇಶಪ್ಪನ ಅಂಗಡಿಯ ಮುಂದೆ ನಿಂತಳು. ನಿಂತಳು ಅಷ್ಟೇ, ಪುಟ್ಟಿ ಇಳಿಸಲಿಲ್ಲ. ಕಣ್ಣಲ್ಲೇ ನೆಲ ಹುಡುಕಿದಳು. ಎರಡು ಹೆಜ್ಜೆ ಆ ಕಡೆ ಹೋದಳು, ಎರಡು ಹೆಜ್ಜೆ ಈ ಕಡೆ ಬಂದಳು. ತಾನೇ ತಪ್ಪಿ ಬೇರೆ ಓಣಿಗೆ ಬಂದೆನೇನೋ ಎಂಬಂತೆ ಅಂಗಡಿಯ ಬೋರ್ಡನ್ನೊಮ್ಮೆ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಸಾವ್ಕಾರ್ರ, ನನ್ನ ಕಲ್ಲೆಲ್ಲೈತ್ರಿ?"

ಹಾಲೇಶಪ್ಪ ಹಗ್ಗದ ಸಿಂಬಿಯೊಂದನ್ನು ಬಿಚ್ಚಿ, ಮತ್ತೆ ಸುತ್ತತೊಡಗಿದ. "ಕೆಂಚಕ್ಕ, ಪುಟ್ಟಿ ಇಳಿಸು ಮೊದಲು. ಹೊಸಾ ನೆಲ ಮಾಡಾಕತ್ಯಾರ. ಎಲ್ಲಾರ್ಗೂ ನಂಬರ್ ಹಾಕಿ ಚೌಕ ಬರೀತಾರ. ನಿನಗ ಹದಿನೇಳನೇ ನಂಬರ್, ಇಲ್ಲೇ ಎದುರಿಗೇ. ಬಿಸಿಲಿಲ್ಲ, ರಾಡಿ ಇಲ್ಲ."

"ಅದು ಆತ್ರಿ. ಕಲ್ಲು?"

"ಕಾಲೇಜ್ ಹುಡುಗ್ರು ಬಂದಿದ್ರು ಭಾನುವಾರ. ಕಸ ಹೊಡ್ಯಾಕ. ಅವಕ್ಕೇನ್ ಗೊತ್ತು, ಎತ್ತಿ ಒಗದ್ಬಿಟ್ಟಾವ."

ಕೆಂಚಕ್ಕ ಆಗ ಪುಟ್ಟಿ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಅದು ಕಾಲೇಜು ಹುಡುಗರ ಮೇಲೆ. "ನಮ್ಮತ್ತಿ ಕಲ್ಲಿನ ಮ್ಯಾಲ ಕುಂದ್ರಿಸಿ ಹೇಳಿದ್ಲು ನೋಡ್ರಿ, ಮನ್ಯಾಗ ನನ್ನ ಕೂಡ ಎಷ್ಟರ ಜಗಳಾಡು, ಇದರ ಮ್ಯಾಲ ಕುಂತು ಸುಳ್ಳಾಡಬ್ಯಾಡ ಅಂತ. ಅವ್ರಿಗೆ ಏನ್ ಗೊತ್ತಾಗಬೇಕ್ರಿ, ಓದೋ ಹುಡುಗ್ರು. ನೀವು ಇದ್ದಿದ್ರ ಎತ್ತಗೊಡ್ತಿದ್ದಿಲ್ಲ ಬಿಡ್ರಿ. ಸಾಮಾನು ತರಾಕ ದಾವಣಗೆರಿಗೆ ಹೋಗಿದ್ರೇನ ಆವತ್ತ?"

"ಹೂಂ," ಅಂದ ಹಾಲೇಶಪ್ಪ.

ಅಷ್ಟೇ ಅಂದದ್ದು. ಅದೊಂದು ಮಾತು ಕೂಡ ಅಲ್ಲ, ಗಂಟಲಿನ ಸದ್ದು. ಆದರೆ ಅಂದಾದ ಮೇಲೆ ಅದನ್ನು ಒಳಗೆ ಎಳೆದುಕೊಳ್ಳಲು ಆಗಲಿಲ್ಲ. ಕೆಂಚಕ್ಕ ಮೊಳೆಯಿಂದ ತಕ್ಕಡಿ ತೆಗೆದುಕೊಂಡು, ಅವತ್ತು ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಾರಿದಳು. ಮಧ್ಯೆ ಮಧ್ಯೆ ಎದ್ದು ಕಲ್ಲಿದ್ದ ಜಾಗಕ್ಕೆ ಹೋಗಿ ನಿಂತು ಬರುತ್ತಿದ್ದಳು. ಸಂಜೆ ಹೋಗುವಾಗ ರೂಢಿಯಂತೆ ಒಂದು ಹಿಡಿ ಹುಣಸೆಹಣ್ಣು ಗಲ್ಲಾದ ಪಕ್ಕ ಇಟ್ಟು, "ಅಕ್ಕಗ ಕೊಡ್ರಿ" ಎಂದು ಹೋದಳು. ಅದನ್ನು ಅವನು ಮನೆಗೆ ಒಯ್ಯಲಿಲ್ಲ. ಮೂರು ದಿನ ಅಲ್ಲೇ ಇದ್ದು ಇರುವೆ ಮುತ್ತಿತು.

ಕಲ್ಲು ತಂದರೆ ಮುಗಿಯಿತಲ್ಲ ಎಂದು ಹಾಲೇಶಪ್ಪನಿಗೆ ಹೊಳೆದದ್ದು ಸೋಮವಾರ. ಎಲ್ಲವನ್ನೂ ತರುವುದು ಆಗದಿದ್ದರೆ ಅದೊಂದನ್ನಾದರೂ. ಪೇಟೆಯ ಬಾಯಿಯಲ್ಲಿ ಉದ್ಘಾಟನೆಯ ಫಲಕಕ್ಕೆಂದು ಗಾಳೆಪ್ಪ ಮೇಸ್ತ್ರಿ ಕಟ್ಟೆ ಕಟ್ಟುತ್ತಿದ್ದ. ಟ್ರೇಲರಿನ ಕಲ್ಲು ಎಲ್ಲಿಗೆ ಹೋದವೆಂದು ಅವನಿಗೇ ಗೊತ್ತಿರಬೇಕು ಎಂದು ಹೋಗಿ ಕೇಳಿದ. ಗಾಳೆಪ್ಪ ಕರಣೆಯಿಂದ ಕಟ್ಟೆಯನ್ನೇ ತೋರಿಸಿದ.

"ಇಲ್ಲೇ ಅದಾವ್ರಿ. ಬುನಾದಿಗೆ ಹಾಕೀವಿ. ಮ್ಯಾಲ ಕಾಂಕ್ರೀಟ್ ಬಿದ್ದು ನಾಕು ದಿನ ಆತು. ಚಲೋ ಗಟ್ಟಿ ಕಲ್ಲು."

ಹಾಲೇಶಪ್ಪ ಕಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿದ. ಸಿಮೆಂಟು ಚೀಲದ ಮೇಲೆ ಕೂತ. "ಒಡದು ತೆಗ್ಯಾಕ ಬರ್ತೈತೇನೋ ಗಾಳೆಪ್ಪ?"

"ಒಡೀಬೌದ್ರಿ. ಒಡದ್ರ ಚೂರಾಗಿ ಬರ್ತಾವ. ಯಾವ ಚೂರು ಯಾರದು ಅಂತ ಹೆಂಗ್ ಹೇಳ್ತೀರಿ?" ಗಾಳೆಪ್ಪ ಕರಣೆ ಒರೆಸಿಕೊಂಡ. ನೆಲ ನೋಡುತ್ತ ಹೇಳಿದ: "ನಮ್ಮವ್ವಂದೂ ಒಂದಿತ್ರಿ ಅದರಾಗ. ಪೊರಕಿ ಮಾರ್ತಿದ್ಲಲ್ಲ, ಆ ಮೂಲ್ಯಾಗ."

"ಮತ್ಯಾಕ ಹಾಕಿದಿ? ನಿನಗ ಗೊತ್ತಿತ್ತಲ್ಲ?"

"ನೀವ ಮೈಕಿನ್ಯಾಗ ಅಂದ್ರಲ್ರಿ, ಯಾರವೂ ಅಲ್ಲ ಅಂತ. ಅಧ್ಯಕ್ಷರು ಅಂದಮ್ಯಾಲ ನಾ ಒಬ್ಬಾವ ನಮ್ಮವ್ವಂದು ಅಂತ ಹೆಂಗ ಅನ್ಲಿ?"

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಾಲೇಶಪ್ಪನಿಗೆ ಹಗುರಾಗುತ್ತಿತ್ತು. ಮೈಕು ಆಗ ಎದುರಿಗೇ ಇತ್ತು ಎನ್ನುವುದು, ಸಾಹೇಬರಿಗೆ ಹೇಳಿದ ಮಾತು ಇಡೀ ಪೇಟೆಗೆ ಕೇಳಿತ್ತು ಎನ್ನುವುದು ಅವನಿಗೆ ಈಗ ತಿಳಿಯಿತು. ಪೇಟೆಯಲ್ಲಿ ಅವತ್ತು ಸಂತೆಯವರು ಯಾರೂ ಇರಲಿಲ್ಲ, ಭಾನುವಾರ ನೋಡಿ, ಅದೊಂದೇ ಪುಣ್ಯ ಎಂದುಕೊಂಡ. ಗಾಳೆಪ್ಪ ತಿರುಗಿ ಕೆಲಸಕ್ಕೆ ತೊಡಗಿದ.

ಆಮೇಲಿನ ಒಂದು ತಿಂಗಳು ಹಾಲೇಶಪ್ಪ ಮೈಮೇಲೆ ಬಂದವನಂತೆ ದುಡಿದ. ಅಂಗಡಿಗಳ ಬಾಗಿಲಿಗೆಲ್ಲ ಒಂದೇ ಹಸಿರು ಬಣ್ಣ ಹೊಡೆಸಿದ. ಹೂಳು ತುಂಬಿದ್ದ ಬಾವಿಯನ್ನು ತೆಗೆಸಿದ. ಅರುಣಕುಮಾರ್ ದಾರ ಹಿಡಿದು, ಹೊಸ ನೆಲದ ಮೇಲೆ ಹಳದಿ ಬಣ್ಣದಲ್ಲಿ ಎಂಬತ್ತು ಚೌಕ ಎಳೆದು ನಂಬರು ಬರೆದ. "ಕಾಕಾ, ನೋಡ್ರಿ ಹೆಂಗ ಕಾಣಾಕತ್ತೈತಿ!" ಎಂದು ಎದೆ ಉಬ್ಬಿಸಿ ನಿಂತ. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಚೌಕದಲ್ಲಿ ಕೂರುವವರು ಬರಬೇಕಲ್ಲ.

ಕಲ್ಲು ಹೋದ ಸುದ್ದಿ ಬಸ್‌ಸ್ಟ್ಯಾಂಡ್ ರಸ್ತೆಗೆ ಯಾವಾಗಲೋ ಮುಟ್ಟಿತ್ತು. ಉದ್ಘಾಟನೆಯ ಹಿಂದಿನ ಗುರುವಾರ ಹಾಲೇಶಪ್ಪ ತಾನೇ ಅಲ್ಲಿಗೆ ಹೋದ. ಚಪ್ಪಲಿ ಬಿಟ್ಟು, ಎಲ್ಲರ ಎದುರು ಕೈ ಮುಗಿದು ನಿಂತು, ತಪ್ಪಾಗಿದೆ, ಹುಡುಗರಿಗೆ ತಿಳಿಯಲಿಲ್ಲ, ಬರ್ರಿ, ನಿಮ್ಮ ಪೇಟೆ ನಿಮಗೆ ಕಾಯುತ್ತಿದೆ ಎಂದ. ಉಚ್ಚಂಗೆಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಇದ್ದಳು. ಸೋಮಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, "ನಾವು ಒಯ್ದಿದ್ದಿಲ್ರಿ. ಹತ್ತು ವರ್ಷ ಆದ್ರೂ ಒಯ್ದಿದ್ದಿಲ್ಲ," ಅಂದ. ಅಷ್ಟಂದು ಆ ಕಡೆ ಮುಖ ಮಾಡಿದ.

ಅವರನ್ನು ಒಪ್ಪಿಸಿದವಳು ಕೆಂಚಕ್ಕ. ತನ್ನ ವ್ಯಾಪಾರ ಬಿಟ್ಟು ಅವನ ಹಿಂದೆಯೇ ರಸ್ತೆಗೆ ಬಂದಿದ್ದಳು. ಸೊಂಟಕ್ಕೆ ಕೈ ಕೊಟ್ಟು ನಡುವೆ ನಿಂತು ಜಬರಿಸಿದಳು: "ಏನ್ರೇ, ಸಾವ್ಕಾರ್ರು ಅಷ್ಟು ದೊಡ್ಡ ಮನಷಾ ಕೈ ಮುಗದು ನಿಂತ್ರೂ ಮಾರಿ ತಿರುವುತೀರಲ್ಲ! ಆವತ್ತ ಅವ್ರು ಊರಾಗ ಇದ್ದಿದ್ದಿಲ್ಲ. ಇದ್ದಿದ್ರ ಒಂದ್ ಕಲ್ಲಾದ್ರೂ ಅಳ್ಳಾಡ್ತಿತ್ತೇನು? ಮೂವತ್ತು ವರ್ಷ ನಾ ನೋಡೀನಿ ಅವ್ರನ್ನ. ಬರ್ರಿ, ಒಂದ್ ಸಾರಿ ಬಂದು ನೋಡ್ರಿ. ಕಲ್ಲು ನಾವ ಹೊಸಾವು ಇಡೂಣು, ನಮ್ಮವ್ವಗೋಳು ಇಟ್ಟಂಗ."

ಹಾಲೇಶಪ್ಪ ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದ. ಡಾಂಬರು ಸುಡುತ್ತಿತ್ತು. ಈಗ ಹೇಳಿಬಿಡಬೇಕು, ಇದೇ ಹೊತ್ತು, ಎಂದು ಅವನಿಗೆ ಅನ್ನಿಸಿತು. ನಿಜ ಹೇಳಿದರೆ ಇವರು ಬರುವುದಿಲ್ಲ, ಹೇಳದಿದ್ದರೆ ಬರುತ್ತಾರೆ. ಬಂದು ಒಂದು ಸಲ ಕೂತುಬಿಟ್ಟರೆ ಆಮೇಲೆ ಯಾವಾಗಲಾದರೂ ಅವಳೊಬ್ಬಳಿಗೇ ಹೇಳಿಕೊಳ್ಳಬಹುದು. ಅವನು ಮತ್ತೊಮ್ಮೆ ಕೈ ಮುಗಿದ. ಉಚ್ಚಂಗೆಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಿ, "ಆತು, ಬರ್ತೀವಿ ನಡ್ರಿ" ಎಂದಳು.

ಬಂದರು. ಉದ್ಘಾಟನೆಯ ದಿನ ಅರವತ್ತು ಜನಕ್ಕೆ ಐವತ್ತು ಜನ ಬಂದರು. ಹಸಿರು ಬಾಗಿಲುಗಳ ನಡುವೆ ಪುಟ್ಟಿ, ಚೀಲ, ತಕ್ಕಡಿ ಕಂಡಾಗ ಹಾಲೇಶಪ್ಪನ ಕಣ್ಣು ತುಂಬಿ ಬಂತು. ಕೆಲವರ ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಹೊಸ ಕಲ್ಲುಗಳಿದ್ದವು. ಕೆಂಚಕ್ಕನೂ ಒಂದು ತಂದಿದ್ದಳು. ಊರ ಹಳ್ಳದ ಕಲ್ಲು, ಇನ್ನೂ ಒರಟು. ಯಾವುದಕ್ಕೂ ಭಾಷಣ ಮುಗಿಯಲಿ, ಸಾಹೇಬರು ಹೋಗಲಿ, ಆಮೇಲೆ ಕಾಯಿ ಒಡೆದು ಇಡೋಣ ಎಂದು ಎಲ್ಲರೂ ಗುಂಪಾಗಿ ಬೇವಿನಮರದ ಕೆಳಗೆ ನಿಂತರು. ನಾಗಲಿಂಗಮ್ಮ ಐದು ತೆಂಗಿನಕಾಯಿ ತಂದು ಅಂಗಡಿಯಲ್ಲಿಟ್ಟಿದ್ದಳು.

ಸಾಹೇಬರು ಫಲಕದ ಪರದೆ ಸರಿಸಿದರು. ಗಾಳೆಪ್ಪನ ಕಟ್ಟೆಯ ಮೇಲೆ ನಿಂತು ಮೈಕು ಹಿಡಿದರು. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಮಾತಾಡಿದರು. ಹಳೆಯ ಪೇಟೆಗಳು ಸಾಯಬಾರದು ಎಂದರು. ಊರವರು ಒಗ್ಗಟ್ಟಾದರೆ ಏನೆಲ್ಲ ಆಗುತ್ತದೆ ನೋಡಿ ಎಂದರು. ಹಾಲೇಶಪ್ಪ ಕುರ್ಚಿಯ ತುದಿಯಲ್ಲಿ ಕೂತು ಮರದ ಕೆಳಗಿನ ಮುಖಗಳನ್ನು ಒಂದೊಂದಾಗಿ ಎಣಿಸುತ್ತಿದ್ದ.

"ಇದಕ್ಕೆಲ್ಲ ಕಾರಣರಾದವರು ಒಬ್ಬರಿದ್ದಾರೆ," ಎಂದರು ಸಾಹೇಬರು. "ನಿಮ್ಮ ಅಧ್ಯಕ್ಷರು. ಬೇರೆ ಊರುಗಳಲ್ಲಿ ಕೆಲಸ ಯಾಕೆ ನಿಲ್ಲುತ್ತೆ ಗೊತ್ತಾ? ಇದು ನಂದು, ಅದು ನಂದು ಅನ್ನೋ ತಕರಾರಿಗೆ. ಶ್ರಮದಾನದ ದಿನ ಇಲ್ಲೂ ಒಂದು ಸಣ್ಣ ಪ್ರಶ್ನೆ ಬಂತು. ಹುಡುಗರು ಕಲ್ಲು ಎತ್ತೋಕೆ ಹಿಂದೆಮುಂದೆ ನೋಡಿದರು, ಅರಿಶಿನ ಹಚ್ಚಿದ್ದಾರೆ ಅಂತ. ನಾನೂ ಯೋಚನೆ ಮಾಡಿದೆ. ಹಾಲೇಶಪ್ಪನವರು ಇಲ್ಲೇ, ನನ್ನ ಪಕ್ಕದಲ್ಲೇ ನಿಂತು, ಒಂದೇ ಮಾತಲ್ಲಿ ಹೇಳಿದರು: ಯಾರವೂ ಅಲ್ಲ ಸಾರ್, ಎತ್ತಿಸಿ ಅಂತ. ಇಂಥವರು ಊರಿಗೊಬ್ಬರು ಇದ್ದರೆ ಸಾಕು."

ಎತ್ತಿಸಿ ಎಂದು ತಾನು ಅಂದಿರಲಿಲ್ಲ ಎನ್ನುವುದು ಹಾಲೇಶಪ್ಪನ ತಲೆಗೆ ಮೊದಲು ಬಂದದ್ದು. ಆಮೇಲೆ ಚಪ್ಪಾಳೆ ಕೇಳಿಸಿತು. ಕುರ್ಚಿಯಲ್ಲಿದ್ದವರು ತಟ್ಟಿದರು, ಕಾಲೇಜು ಹುಡುಗರು ತಟ್ಟಿದರು. ಮರದ ಕೆಳಗಿನಿಂದ ಒಂದು ಕೈ ಕೂಡ ಏಳಲಿಲ್ಲ. ಅವನಿಗೆ ಅತ್ತ ನೋಡುವ ಧೈರ್ಯವಾಗಲಿಲ್ಲ. ನೋಡದೆ ಇರಲೂ ಆಗಲಿಲ್ಲ. ಕೆಂಚಕ್ಕ ಅವನನ್ನು ನೋಡುತ್ತಿರಲಿಲ್ಲ. ತನ್ನ ಪಕ್ಕದಲ್ಲಿದ್ದ ಉಚ್ಚಂಗೆಮ್ಮನಿಗೆ ಮುಖ ತೋರಿಸಲಾಗದೆ ಕೈಯೊಳಗಿನ ಕಲ್ಲನ್ನು ನೋಡುತ್ತಿದ್ದಳು.

ಜಗಳವಾಗಿದ್ದರೆ ಚೆನ್ನಾಗಿತ್ತು. ಒಬ್ಬರಾದರೂ ಎದ್ದು ಬಾಯಿಗೆ ಬಂದಂತೆ ಬೈದು, ಮಣ್ಣು ತೂರಿ ಹೋಗಿದ್ದರೆ ಹಾಲೇಶಪ್ಪ ಕಾಲಿಗೆ ಬಿದ್ದಾದರೂ ನಿಲ್ಲಿಸುತ್ತಿದ್ದ. ಅವರು ಹಾಗೇನೂ ಮಾಡಲಿಲ್ಲ. ರಾಷ್ಟ್ರಗೀತೆ ಮುಗಿಯುವ ತನಕ ಮರ್ಯಾದೆಯಿಂದ ನಿಂತರು. ಆಮೇಲೆ ಸೋಮಪ್ಪ ಪುಟ್ಟಿ ಎತ್ತಿದ. ಹಿಂದೆ ಹಂಪಸಾಗರದವರು. ಹಿಂದೆ ಒಬ್ಬೊಬ್ಬರೇ. ಅರುಣಕುಮಾರ್ ಅಡ್ಡ ಓಡಾಡಿ, "ಅಕ್ಕಾರ, ಎಲ್ಲಿಗ್ರಿ? ನಿಮ್ಮ ನಂಬರ್ ಇಲ್ಲೈತಿ, ನೋಡ್ರಿ, ಇಲ್ಲೇ!" ಎನ್ನುತ್ತಿದ್ದ. ಹಳದಿ ಗೆರೆಗಳನ್ನು ತುಳಿಯದೆ, ಸುತ್ತು ಹಾಕಿಕೊಂಡು ಅವರು ಪೇಟೆ ದಾಟಿ ಹೋದರು.

ಕೆಂಚಕ್ಕ ಎಲ್ಲರಿಗಿಂತ ಕೊನೆಗೆ ಅಂಗಡಿಗೆ ಬಂದಳು. ಮೆಟ್ಟಿಲು ಹತ್ತಲಿಲ್ಲ. "ಸಾವ್ಕಾರ್ರ, ನನ್ನ ತಕ್ಕಡಿ ಕೊಡ್ರಿ. ಚೀಲಾನೂ."

ಹಾಲೇಶಪ್ಪ ಮೊಳೆಯಿಂದ ತಕ್ಕಡಿ ತೆಗೆದ. ಸರಪಳಿ ಸಿಕ್ಕುಹಾಕಿಕೊಂಡಿತ್ತು. ಎರಡು ಸಲ ಬಿಡಿಸಲು ಹೋಗಿ ಇನ್ನಷ್ಟು ಗಂಟು ಮಾಡಿದ. ಹಗ್ಗದ ಎಂಥೆಂಥ ಗಂಟುಗಳನ್ನೋ ಬಿಡಿಸಿದ ಕೈ ಅದು. ಕೆಂಚಕ್ಕ ಕಾದಳು. ಕೈಗೆ ಕೊಟ್ಟ ಮೇಲೆ ತಕ್ಕಡಿಯನ್ನು ಚೀಲದೊಳಗಿಟ್ಟು, ಚೀಲದ ಬಾಯಿ ಕಟ್ಟಿ, ಪುಟ್ಟಿಯೊಳಗೆ ಇಟ್ಟುಕೊಂಡಳು.

"ದಾವಣಗೆರಿಗೆ ಹೋಗಿದ್ದಿಲ್ಲ ಹಂಗಾರ," ಅಂದಳು.

"ಕೆಂಚಕ್ಕ, ಒಂದ್ ಮಾತು..."

"ಐವತ್ತು ಮಂದೀನ ನಾ ಕರಕಂಡ್ ಬಂದೆನ್ರಿ. ನನ್ನ ಮಾತಿಗೆ ಬಂದಿದ್ರು ಅವ್ರು." ಪುಟ್ಟಿಯನ್ನು ತಾನೇ ತಲೆಗೇರಿಸಿಕೊಂಡಳು. ಯಾವಾಗಲೂ ಅವನು ಗಲ್ಲಾ ಬಿಟ್ಟೆದ್ದು ಒಂದು ಕೈ ಕೊಡುತ್ತಿದ್ದ. ಇವತ್ತು ಎದ್ದ, ಕೈ ಚಾಚಿದ, ಅಷ್ಟರಲ್ಲಿ ಅವಳು ತಿರುಗಿಯಾಗಿತ್ತು. ಐದು ತೆಂಗಿನಕಾಯಿ ಮೂಲೆಯಲ್ಲಿ ಹಾಗೆಯೇ ಇದ್ದವು. ನಾಗಲಿಂಗಮ್ಮ ಅವನ್ನು ಸಂಜೆ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದಳು.

ಮುಂದಿನ ಎರಡು ಗುರುವಾರ ಹಳೇ ಪೇಟೆಗೆ ಯಾರೂ ಬರಲಿಲ್ಲ. ಮೊದಲು ಬರುತ್ತಿದ್ದ ಆ ಹತ್ತು ಜನರೂ ಇಲ್ಲ. ಒಂಬತ್ತನೆಯ ಚೌಕದಲ್ಲಿ ನಾಯಿಯೊಂದು ಮಲಗಿತ್ತು. ಅರುಣಕುಮಾರ್ ಎರಡು ಸಲ ಆಟೋಕ್ಕೆ ಮೈಕು ಕಟ್ಟಿ ಸುತ್ತಾಡಿ ಬಂದು, ಆಮೇಲೆ ತನ್ನ ಜೆರಾಕ್ಸ್ ಅಂಗಡಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರಕ್ಕೆ ಎತ್ತಿಕೊಂಡು ಹೋದ. ಹೋಗುವ ಮುಂಚೆ ಹೇಳಲು ಬಂದಿದ್ದ. "ಏನ್ ಮಾಡ್ಲಿ ಕಾಕಾ," ಎಂದ. ಹಾಲೇಶಪ್ಪ, "ಚಲೋ ಆಗ್ಲಿ ಹೋಗಪ್ಪ" ಎಂದ.

ಮೂರನೆಯ ಗುರುವಾರ ಬೆಳಿಗ್ಗೆ ಮೊಳೆಯ ಕಡೆ ಕಣ್ಣು ಹೋದಾಗ ಕೆಂಚಕ್ಕನ ಕೊಡೆ ಇನ್ನೂ ಅಲ್ಲೇ ತೂಗುತ್ತಿತ್ತು. ಅವಳು ಮರೆತಿದ್ದಳು. ಅಥವಾ ಕೇಳಲು ಮನಸ್ಸಾಗಿರಲಿಲ್ಲ. ಹಾಲೇಶಪ್ಪ ಗಲ್ಲಾಕ್ಕೆ ಬೀಗ ಹಾಕಿದ. ಆಮೇಲೆ ಕೊಡೆ ತೆಗೆದುಕೊಂಡು, ಧೂಳು ಒರೆಸಿ, ಅಂಗಡಿಯ ಕದ ಮುಂದಕ್ಕೆಳೆದುಕೊಂಡು ಬಸ್‌ಸ್ಟ್ಯಾಂಡ್ ರಸ್ತೆಗೆ ನಡೆದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡ. ತಪ್ಪು ನಂದೇ, ಹುಡುಗರದ್ದಲ್ಲ. ಸಾಹೇಬರದ್ದೂ ಅಲ್ಲ. ಇಷ್ಟೇ. ಇಷ್ಟು ಹೇಳಿದರೆ ಸಾಕು.

ಸಂತೆ ತುಂಬಿತ್ತು. ಕೆಂಚಕ್ಕ ಒಂದು ಲೈಟ್ ಕಂಬದ ಪಕ್ಕ ಕೂತು ಯಾರಿಗೋ ಬೆಳ್ಳುಳ್ಳಿ ತೂಗುತ್ತಿದ್ದಳು. ಅವನನ್ನು ಕಂಡಳು. ತೂಕ ಮುಗಿಸಿ, ಚೀಲಕ್ಕೆ ಸುರುವಿ, ಚಿಲ್ಲರೆ ಕೊಟ್ಟು, ಆಮೇಲೆ ತಲೆ ಎತ್ತಿದಳು.

"ನಿನ್ನ ಕೊಡಿ ಬಿಟ್ಟು ಬಂದಿದ್ದಿ," ಅಂದ ಹಾಲೇಶಪ್ಪ.

"ಅಲ್ಲಿಡ್ರಿ," ಅಂದಳು ಕೆಂಚಕ್ಕ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ.

ಅವನು ಕೊಡೆ ಇಡಲು ಬಗ್ಗಿದ. ಆಗ ಕಂಡಿತು. ಕೆಂಚಕ್ಕ ಗೋಣಿಯ ಮೇಲೆ ಕೂತಿರಲಿಲ್ಲ. ಹಳ್ಳದ ಆ ಒರಟು ಕಲ್ಲಿನ ಮೇಲೆ ಕೂತಿದ್ದಳು. ಅದರ ಬುಡಕ್ಕೆ ಹಸಿ ಅರಿಶಿನ, ಒಡೆದ ಕಾಯಿಯ ಚಿಪ್ಪು. ಅವನು ತಲೆ ಎತ್ತಿ ಆಚೆ ನೋಡಿದ. ಉಚ್ಚಂಗೆಮ್ಮನ ಕೆಳಗೂ ಕಲ್ಲಿತ್ತು. ಸೋಮಪ್ಪನ ಕೆಳಗೂ. ಅದರಾಚೆ, ಇನ್ನೂ ಆಚೆ, ರಸ್ತೆಯ ಎರಡೂ ಬದಿಗೆ ಅರಿಶಿನ ಹಚ್ಚಿದ ಹೊಸ ಕಲ್ಲುಗಳು. ಗೋಣಿಯ ಮೂಲೆಗಿಡುವ ಒಡಕು ಹೆಂಚು ಎಲ್ಲೂ ಕಾಣಲಿಲ್ಲ.

ಗಿರಾಕಿಗೆ ದಾರಿ ಬಿಡಲು ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಅಲ್ಲಿ ಕಾಲಿಡಬ್ಯಾಡ್ರಿ, ಯಜಮಾನ್ರ," ಎಂದಳು ಹಿಂದಿನಿಂದ ಗುರುತಿಲ್ಲದ ಒಬ್ಬ ಹುಡುಗಿ, ಹೊಸ ಸೊಸೆಯಿರಬೇಕು, ಕೈತುಂಬ ಹಸಿರು ಬಳೆ. "ನಮ್ಮ ಕಲ್ಲೈತಿ."

ಹಾಲೇಶಪ್ಪ ಕಾಲೆತ್ತಿ ಪಕ್ಕಕ್ಕೆ ಇಡಲು ಹೋದ. ಅಲ್ಲೂ ಒಂದು ಕಲ್ಲಿತ್ತು.